ಬಂದೂಕಿಗೂ ಶ್ರುತಿ ಬೇಕು

ಶ್ರುತಿ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ತಂಬೂರಿ. ನಮ್ಮ ಸಾಂಗಲಿ ಜಿಲ್ಲೆಯ ಮಿರಜ ಊರು ತಂಬೂರಿ, ಸಿತಾರಗಳ ತಯಾರಿಕೆಗೆ ದೇಶದಲ್ಲೆಲ್ಲ ಹೆಸರಾದದ್ದು. ತಂಬೂರಿಯನ್ನು ಶ್ರುತಿಗೊಳಿಸುವವರನ್ನು ಭಜನೆಯ ಮನೆಯಲ್ಲಿ ನೀವು ನೋಡಿರಬಹುದು. ಮೊದಲು ಮೇಲಿನ ಬಿರಡೆಗಳನ್ನು ತಿರುವಿ ತಂತಿಗಳನ್ನು ಬಿಗಿಯುತ್ತಾರೆ. ಸ್ವರ ಹತ್ತಿರ ಬರುತ್ತದೆ, ಆದರೆ ಕೂಡುವುದಿಲ್ಲ. ಆಗ ಕುದುರೆಯ ಕೆಳಗೆ ತಂತಿಗೆ ಪೋಣಿಸಿದ ಮಣಿಯನ್ನು ಬೆರಳ ತುದಿಯಿಂದ ಇಷ್ಟಿಷ್ಟೇ ಸರಿಸುತ್ತ ಕಿವಿಗೊಟ್ಟು ಕೇಳುತ್ತಾರೆ. ಒಂದು ಕ್ಷಣದಲ್ಲಿ ಸ್ವರ ಕೂಡಿಬಿಡುತ್ತದೆ.

ತಂಬೂರಿಗೆ ಕುದುರೆಯಿದೆ, ಬಂದೂಕಿಗೂ ಕುದುರೆಯಿದೆ. ತಂಬೂರಿಗೆ ಮಣಿಯಿದೆ, ಗುರಿಸ್ಪರ್ಧೆಯ ಬಂದೂಕಿಗೂ ಅಂಥದೇ ಒಂದು ಸರಿಸುವ ಭಾರವಿದೆ ಎಂದರೆ ನೀವು ನಗಬಹುದು. ಆದರೆ ಮಾತು ನಿಜ. ಅದೇನೆಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬಂದೂಕಿನ ಮಾತೇಕೆ ಎಂದು ಪಾಲಕರು ಕೇಳಿಯಾರು. ಕನ್ನಡ ಕಲಿಸುವ ನಮಗೂ ಈ ವಿಷಯಕ್ಕೂ ಏನು ಸಂಬಂಧ ಎಂದೂ ಕೇಳಿಯಾರು. ಅದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇವೆ.

ಎರಡು ಗುರಿಹಾಳೆಗಳು

ನಮ್ಮ ಶಾಲೆಯ ಎನ್.ಸಿ.ಸಿ. ಮಕ್ಕಳನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಕರೆದೊಯ್ದಾಗ ಜೊತೆಗೆ ನಾವೂ ಹೋಗಿದ್ದೆವು. ಮಲಗಿದ ಭಂಗಿಯಲ್ಲಿ, 25 ಮೀಟರು ದೂರದ ಗುರಿಹಾಳೆಗೆ, .22 ರೈಫಲಿನಿಂದ ತಲಾ ಐದು ಗುಂಡು. ಒಬ್ಬ ಹುಡುಗನ ಒಂದು ಗುಂಡು ನಟ್ಟನಡುವೆ ಬಿದ್ದಿತು. ಉಳಿದ ನಾಲ್ಕು ಹಾಳೆಯ ನಾಲ್ಕು ದಿಕ್ಕಿಗೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇನ್ನೊಬ್ಬನ ಐದೂ ಗುಂಡುಗಳು ಕೆಳಗಿನ ಎಡಮೂಲೆಯಲ್ಲಿ ಬಿದ್ದಿದ್ದವು. ನಡುವಿಗೆ ಒಂದೂ ಇಲ್ಲ. ಹುಡುಗರು ನಕ್ಕರು. ನಾವೂ ಸುಮ್ಮನಿರಲಿಲ್ಲ. "ನಿನ್ನ ಕೈ ಪುಸ್ತಕಕ್ಕೇ ಸರಿ ತಮ್ಮಾ" ಎಂದುಬಿಟ್ಟೆವು. ಅವನು ತಲೆ ತಗ್ಗಿಸಿ ಹೋದ.

ಸಂಜೆ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಹವಾಲ್ದಾರರು ಪಟ್ಟಿಯಿಂದ ಅಳೆಯುತ್ತ ಕುಳಿತರು. ಎಲ್ಲಕ್ಕೂ ಮೇಲೆ ಅವರು ಇಟ್ಟದ್ದು ಆ ಎಡಮೂಲೆಯ ಹಾಳೆಯನ್ನು! ನಾವು ಬೆರಗಾಗಿ ಕೇಳಿದೆವು. ಅವರು ಎರಡು ರೂಪಾಯಿಯ ನಾಣ್ಯವೊಂದನ್ನು ಆ ಐದು ತೂತುಗಳ ಮೇಲಿಟ್ಟರು. ಐದೂ ಮುಚ್ಚಿಹೋದವು. ಗುಂಡುಗಳು ಒಂದೆಡೆ ಕೂಡುವುದು ಮೊದಲು, ನಡುವಿಗೆ ಬರುವುದು ಆಮೇಲೆ ಎಂದರು. ಕೂಡಿದ ಗುಂಪನ್ನು ಗುರಿಕಿಂಡಿ ತಿರುವಿ ನಡುವಿಗೆ ತರಬಹುದು. ಚದುರಿದ್ದನ್ನು ಯಾವ ತಿರುಪಿನಿಂದಲೂ ಕೂಡಿಸಲಾಗದು. ಚಪ್ಪಾಳೆ ಗಿಟ್ಟಿಸಿದ ಆ ಒಂದು ಗುಂಡು ಆಕಸ್ಮಿಕ ಎಂಬುದು ಅವರ ಮಾತಿನ ಸಾರ.

ಮರುದಿನ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಆ ಎರಡನೆಯ ಹುಡುಗನ ತಂದೆ ನಿಂತಿದ್ದರು. "ಸರ, ನಮ್ಮ ಹುಡುಗಗ ಎನ್.ಸಿ.ಸಿ. ಬ್ಯಾಡ್ರೀ, ಹೆಸರು ತಗದಬಿಡ್ರಿ. ಗುರೀನ ಹತ್ತಂಗಿಲ್ಲ ಅಂತ ರಾತ್ರಿ ಉಂಡಿಲ್ರೀ ಅಂವಾ" ಎಂದರು. ಅವರಿಗೆ ಕೊಟ್ಟ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇವೆ. ಆ ದಿನದಿಂದ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ: ಒಂದೇ ಬಂದೂಕು, ಒಂದೇ ಕೈ, ಒಂದೇ ಗುರಿ, ಆದರೂ ಗುಂಡುಗಳು ಒಂದೇ ತೂತಿನಲ್ಲಿ ಏಕೆ ಹೋಗುವುದಿಲ್ಲ?

ಕಾಡತೂಸಿನ ಗುಟ್ಟು

.22 ಎಂದರೆ ಒಂದು ಇಂಚಿನ ನೂರು ಭಾಗಗಳಲ್ಲಿ 22 ಭಾಗ, ಅಂದರೆ ಸುಮಾರು 5.6 ಮಿಲಿಮೀಟರು. ಗುಂಡಿನ ದಪ್ಪ ಅಷ್ಟು. ಅದರ ತೂಕ ಸುಮಾರು 2.6 ಗ್ರಾಂ, ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಇಪ್ಪತ್ತೊಂದು ಗುಲಗಂಜಿ. ಈ ಜಾತಿಯ ಚಿಕ್ಕ ಕಾಡತೂಸನ್ನು ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1857ರಲ್ಲಿ ಹೊರತಂದಿತು. ಇಂದು ಗುರಿಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ಎಂಬುದು 1887ರಲ್ಲಿ ಬಂದಿತು.

ಇದಕ್ಕೆ ರಿಮ್‌ಫೈರ್ ಎಂಬ ಹೆಸರಿದೆ. ರಿಮ್ ಎಂದರೆ ಅಂಚು. ಹಿತ್ತಾಳೆಯ ಪುಟ್ಟ ಕೊಳವೆಯ ಬುಡದಲ್ಲಿ ಸುತ್ತಲೂ ಮಡಿಚಿದ ಅಂಚೊಂದಿದೆ. ಕಿಡಿಮದ್ದು ಆ ಅಂಚಿನ ಟೊಳ್ಳಿನೊಳಗೆ ಕುಳಿತಿರುತ್ತದೆ. ಕುದುರೆ ಎಳೆದಾಗ ಉಕ್ಕಿನ ಮೊಳೆಯೊಂದು ಬಂದು ಅಂಚನ್ನು ಜಜ್ಜುತ್ತದೆ, ಕಿಡಿ ಹಾರುತ್ತದೆ, ಮದ್ದು ಉರಿದು ಅನಿಲವಾಗಿ ಗುಂಡನ್ನು ತಳ್ಳುತ್ತದೆ. ದೊಡ್ಡ ರೈಫಲುಗಳ ಕಾಡತೂಸಿನಲ್ಲಿ ಕಿಡಿಮದ್ದಿನ ಟೊಪ್ಪಿಗೆ ಬುಡದ ನಡುವೆ ಇರುತ್ತದೆ. ಅದನ್ನು ತೆಗೆದು ಹೊಸದನ್ನು ಕೂಡಿಸಿ, ಮದ್ದನ್ನು ತಾವೇ ತೂಗಿ ತುಂಬಿಕೊಳ್ಳುವ ಸ್ಪರ್ಧಿಗಳು ಹೊರದೇಶಗಳಲ್ಲಿದ್ದಾರೆ. ಅಂಚಿನ ಕಾಡತೂಸಿಗೆ ಈ ಅನುಕೂಲವಿಲ್ಲ. ಕಾರಖಾನೆ ತುಂಬಿ ಕೊಟ್ಟದ್ದನ್ನೇ ಹಾರಿಸಬೇಕು.

ಕಾರಖಾನೆ ಎಷ್ಟೇ ಎಚ್ಚರ ವಹಿಸಿದರೂ ಚಿಟಿಕೆಗಿಂತ ಕಡಿಮೆಯಿರುವ ಆ ಮದ್ದಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅತ್ಯಲ್ಪ ಭೇದ ಉಳಿಯುತ್ತದೆ. ಆದ್ದರಿಂದ ಗುಂಡಿನ ವೇಗವೂ ಸೆಕೆಂಡಿಗೆ ಕೆಲವು ಮೀಟರು ಹೆಚ್ಚುಕಡಿಮೆಯಾಗುತ್ತದೆ. ಅದರ ಪರಿಣಾಮವನ್ನು ಒಂಬತ್ತನೆಯ ತರಗತಿಯ ಲೆಕ್ಕದಿಂದಲೇ ಕಂಡುಕೊಳ್ಳಬಹುದು.

ಏಳು ಮಿಲಿಮೀಟರಿನ ಲೆಕ್ಕ

ಒಲಿಂಪಿಕ್ ಸ್ಪರ್ಧೆಯಲ್ಲಿ ಈ ಬಂದೂಕಿನ ಗುರಿ 50 ಮೀಟರು ದೂರದಲ್ಲಿರುತ್ತದೆ. ಗುರಿಯ ನಟ್ಟನಡುವಿನ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರು, ನಿಮ್ಮ ಅಂಗಿಯ ಗುಂಡಿಯಷ್ಟು. ಸ್ಪರ್ಧೆಯ ಗುಂಡಿನ ವೇಗ ಸೆಕೆಂಡಿಗೆ ಸುಮಾರು 320ರಿಂದ 330 ಮೀಟರು. ಶಬ್ದದ ವೇಗ ಸುಮಾರು 340. ಶಬ್ದದ ವೇಗದ ಗಡಿ ದಾಟುವಾಗ ಗುಂಡು ಅಲುಗಾಡುತ್ತದೆಂದು ಬೇಕೆಂದೇ ಅದಕ್ಕಿಂತ ಕಡಿಮೆ ಇಟ್ಟಿರುತ್ತಾರೆ.

ಗಾಳಿಯ ತಡೆಯನ್ನು ಸದ್ಯ ಬಿಟ್ಟುಬಿಡೋಣ. 330ರ ವೇಗದ ಗುಂಡು 50 ಮೀಟರು ಹೋಗಲು 0.1515 ಸೆಕೆಂಡು ಬೇಕು. ಅಷ್ಟರೊಳಗೆ ಭೂಮಿಯ ಆಕರ್ಷಣೆಯಿಂದ ಅದು ಎಷ್ಟು ಕೆಳಗಿಳಿದಿರುತ್ತದೆ? 4.9ನ್ನು ಕಾಲದ ವರ್ಗದಿಂದ ಗುಣಿಸಿರಿ. ಉತ್ತರ ಸುಮಾರು 11.25 ಸೆಂಟಿಮೀಟರು. ಈಗ 320ರ ವೇಗದ ಗುಂಡನ್ನು ತೆಗೆದುಕೊಳ್ಳಿರಿ. ಕಾಲ 0.1563 ಸೆಕೆಂಡು, ಇಳಿತ ಸುಮಾರು 11.96 ಸೆಂಟಿಮೀಟರು. ವ್ಯತ್ಯಾಸ ಏಳು ಮಿಲಿಮೀಟರು. ಹುಡುಗನ ಕೈ ಕಲ್ಲಿನಂತೆ ಸ್ಥಿರವಾಗಿದ್ದರೂ ಎರಡು ಗುಂಡುಗಳು ಒಂದರ ಕೆಳಗೊಂದು ಏಳು ಮಿಲಿಮೀಟರು ಅಂತರದಲ್ಲಿ ಬಿದ್ದೇ ಬೀಳುತ್ತವೆ! ಗುರಿಯೋ ಅಂಗಿಯ ಗುಂಡಿಯಷ್ಟು.

ಕಾಡತೂಸಿನೊಳಗಿನ ಭೇದವನ್ನು ಸ್ಪರ್ಧಿಯು ತೆಗೆಯಲಾರ. ಹಾಗಾದರೆ ಉಪಾಯವೇನು? ಇಲ್ಲಿಯೇ ನಳಿಗೆಯ ಕಥೆ ಬರುತ್ತದೆ.

ನಳಿಗೆ ನಡುಗುತ್ತದೆ

ಬಂದೂಕಿನ ನಳಿಗೆ ದಪ್ಪ ಉಕ್ಕಿನದು. ಅದು ಅಲುಗಾಡದು ಎಂದು ನಾವು ಎಣಿಸುತ್ತೇವೆ. ಆದರೆ ಒಂದು ತುದಿಯಲ್ಲಿ ಬಿಗಿದು ಇನ್ನೊಂದು ತುದಿಯನ್ನು ಗಾಳಿಯಲ್ಲಿ ಬಿಟ್ಟ ಯಾವ ಸಲಾಕೆಯೂ ಪೆಟ್ಟು ತಿಂದರೆ ನಡುಗುತ್ತದೆ. ನೀವೇ ಪರೀಕ್ಷಿಸಿರಿ. ಉಕ್ಕಿನ ಅಳತೆಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿಹಿಡಿದು, ಹೊರಚಾಚಿದ ತುದಿಯನ್ನು ಮೀಟಿರಿ. ಪಟ್ಟಿ ಝುಂಯ್ ಎಂದು ಮೇಲೆ ಕೆಳಗೆ ಆಡುತ್ತದೆ. ಈಗ ತುದಿಗೆ ಒಂದು ಉಂಡೆ ಜೇಡಿಮಣ್ಣು ಅಂಟಿಸಿ ಮತ್ತೆ ಮೀಟಿರಿ. ಆಟ ನಿಧಾನವಾಗುತ್ತದೆ. ಉಂಡೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿರಿ. ಆಟ ಮತ್ತೆ ಬದಲಾಗುತ್ತದೆ. ಈ ಲೇಖನದ ತಿರುಳೆಲ್ಲ ಆ ಜೇಡಿಮಣ್ಣಿನ ಉಂಡೆಯಲ್ಲಿದೆ.

ಕುದುರೆ ಎಳೆದಾಗ ಮೊಳೆಯ ಪೆಟ್ಟು, ಮದ್ದಿನ ಒತ್ತಡ, ಬಂದೂಕಿನ ಹಿಂದೂಡು ಇವೆಲ್ಲ ಸೇರಿ ನಳಿಗೆಯನ್ನು ಮೀಟುತ್ತವೆ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಎರಡು-ಮೂರು ಭಾಗದಷ್ಟು ಕಾಲ ಮಾತ್ರ. ಅಷ್ಟರೊಳಗೇ ನಳಿಗೆಯ ಮೂತಿ ಆಡಲಾರಂಭಿಸಿರುತ್ತದೆ. ಗುಂಡು ಹೊರಬೀಳುವ ಕ್ಷಣದಲ್ಲಿ ಮೂತಿ ಎತ್ತ ನೋಡುತ್ತಿತ್ತೋ ಅತ್ತಲೇ ಗುಂಡಿನ ಪಯಣ. ಇಂಗ್ಲೆಂಡಿನ ಆರ್ನಲ್ಫ್ ಮ್ಯಾಲಕ್ ಎಂಬ ವಿಜ್ಞಾನಿ ರೈಫಲ್ ನಳಿಗೆಗಳ ಈ ಕಂಪನವನ್ನು ಕುರಿತು 1901ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದಾನೆ. ಇಂಗ್ಲಿಷರ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್ ಬಲು ದೂರದ ಗುರಿಗೆ ಚೆನ್ನಾಗಿ ಹೊಡೆಯುವುದರಲ್ಲಿ ಈ ಕಂಪನದ ಪಾಲಿದೆಯೆಂದು ಆಗಿನ ಗುರಿಕಾರರು ಕಂಡುಕೊಂಡಿದ್ದರು.

ನಡುಕವೇ ನೆರವಾಗುವ ಬಗೆ

ಜೋಳ ಹಾಲುಗಾಳಾದಾಗ ಅಟ್ಟದ ಮೇಲೆ ನಿಂತು ಕವಣಿ ಬೀಸಿದ ಹುಡುಗರಿಗೆ ಒಂದು ಮಾತು ಗೊತ್ತು. ಕಲ್ಲು ಜೋರಾಗಿ ಹೋಗುವುದಿದ್ದರೆ ನೇರವಾಗಿ ಬಿಡಬೇಕು. ನಿಧಾನವಾಗಿ ಹೋಗುವುದಿದ್ದರೆ ಸ್ವಲ್ಪ ಮೇಲಕ್ಕೆ ಬಿಡಬೇಕು. ಆಗ ಎರಡೂ ಒಂದೇ ತೆನೆಯ ಹತ್ತಿರ ಬೀಳುತ್ತವೆ. ನಳಿಗೆಯೂ ಇದನ್ನೇ ಮಾಡುವಂತಿದ್ದರೆ?

ಗುಂಡು ಹೊರಬೀಳುವ ಹೊತ್ತಿಗೆ ಮೂತಿ ಕೆಳಗಿನಿಂದ ಮೇಲಕ್ಕೆ ಏಳುತ್ತಿದೆ ಎಂದು ಭಾವಿಸಿರಿ. ವೇಗದ ಗುಂಡು ಬೇಗ ಹೊರಬೀಳುತ್ತದೆ. ಆಗ ಮೂತಿ ಸ್ವಲ್ಪ ತಗ್ಗಿನಲ್ಲಿದೆ. ನಿಧಾನದ ಗುಂಡು ತುಸು ತಡವಾಗಿ ಬರುತ್ತದೆ. ಅಷ್ಟರಲ್ಲಿ ಮೂತಿ ಇನ್ನಷ್ಟು ಮೇಲೆದ್ದಿದೆ. ಹೆಚ್ಚು ಇಳಿಯಬೇಕಾದ ಗುಂಡು ಹೆಚ್ಚು ಮೇಲ್ಮುಖವಾಗಿ ಹೊರಡುತ್ತದೆ. ಎರಡೂ 50 ಮೀಟರಿನಲ್ಲಿ ಒಂದೇ ಎತ್ತರಕ್ಕೆ ಬಂದು ಸೇರುತ್ತವೆ. ಇದಕ್ಕೆ ಬೇಕಾದ ಏರಿಕೆ ಎಷ್ಟು? 50 ಮೀಟರಿನಲ್ಲಿ ಏಳು ಮಿಲಿಮೀಟರು ಎಂದರೆ ಏಳು ಸಾವಿರಕ್ಕೆ ಒಂದರ ಓರೆ. 66 ಸೆಂಟಿಮೀಟರು ಉದ್ದದ ನಳಿಗೆ ಇಡಿಯಾಗಿ ಅಷ್ಟು ಓರೆಯಾಯಿತೆಂದರೆ ಅದರ ಮೂತಿ ಒಂದು ಕೂದಲೆಳೆಯ ದಪ್ಪದಷ್ಟು ಮೇಲೆದ್ದಿರುತ್ತದೆ, ಅಷ್ಟೆ!

ಮೂತಿ ಏಳುವ ಹೊತ್ತೂ ಗುಂಡು ಹೊರಡುವ ಹೊತ್ತೂ ತಾವಾಗಿ ಕೂಡುವುದು ಅಪರೂಪ. ಅವೆರಡನ್ನೂ ಕೂಡಿಸುವುದೇ ಬಂದೂಕಿನ ಶ್ರುತಿ.

ನಳಿಗೆಗೆ ತೊಡಿಸುವ ಸಾಧನಗಳು

ಮೊದಲನೆಯದು ಭಾರ. ನಳಿಗೆಯ ಮೇಲೆ ಉಕ್ಕಿನ ಅಥವಾ ಹಿತ್ತಾಳೆಯ ಬಳೆಯಂಥ ತುಂಡುಗಳನ್ನು ಬಿಗಿಯುತ್ತಾರೆ. ಇದರಿಂದ ಮುಂಭಾಗ ತೂಕವಾಗಿ ಕೈಯ ಸಣ್ಣ ನಡುಕ ಕಡಿಮೆಯಾಗುತ್ತದೆ. ನಳಿಗೆಯ ಆಟವೂ ನಿಧಾನವಾಗುತ್ತದೆ.

ಎರಡನೆಯದು ನಳಿಗೆಯ ತುದಿಗೆ ತೊಡಿಸುವ ಟೊಳ್ಳು ಕೊಳವೆ. ಗುಂಡು ಇದನ್ನು ಮುಟ್ಟುವುದಿಲ್ಲ. ಮುಂದಿನ ಗುರಿಕಿಂಡಿಯನ್ನು ಇದರ ತುದಿಯಲ್ಲಿ ಕೂಡಿಸುವುದರಿಂದ ಹಿಂದಿನ ಕಿಂಡಿಗೂ ಮುಂದಿನ ಕಿಂಡಿಗೂ ನಡುವಿನ ಅಂತರ ಹೆಚ್ಚುತ್ತದೆ. ಅಂತರ ಹೆಚ್ಚಿದಷ್ಟೂ ಕಣ್ಣಿನ ಸಣ್ಣ ತಪ್ಪು ಗುರಿಯ ಮೇಲೆ ಕಡಿಮೆಯಾಗಿ ಕಾಣುತ್ತದೆ.

ಮೂರನೆಯದು ಟ್ಯೂನರ್. ಇದೇ ನಮ್ಮ ತಂಬೂರಿಯ ಮಣಿ. ಮೂತಿಯ ಸುತ್ತ ಕೂಡಿಸಿದ ತೋಳಿನ ಮೇಲೆ ತಿರುಪಿನ ಮೂಲಕ ಹಿಂದೆ ಮುಂದೆ ಸರಿಯುವ ಭಾರವಿದು. ನಿಮ್ಮ ಪ್ರಯೋಗಶಾಲೆಯ ಸ್ಕ್ರೂಗೇಜಿನಂತೆ ಇದಕ್ಕೂ ಸುತ್ತ ಅಂಕಗಳಿರುತ್ತವೆ. ಒಂದು ಅಂಕ ತಿರುವಿದರೆ ಭಾರ ಮಿಲಿಮೀಟರಿನ ಸಣ್ಣ ಭಾಗದಷ್ಟು ಸರಿಯುತ್ತದೆ. ಹೋಲಿಕೆಗೆ ಒಂದು ಮಿತಿಯುಂಟು: ಮಣಿ ತಂತಿಯ ಬಿಗಿಯನ್ನು ಬದಲಿಸುತ್ತದೆ, ಟ್ಯೂನರ್ ನಳಿಗೆಯ ಮೇಲಿನ ಭಾರದ ಸ್ಥಾನವನ್ನು ಬದಲಿಸುತ್ತದೆ. ಆದರೆ ಎರಡರಲ್ಲಿಯೂ ಬದಲಾಗುವುದು ಕಂಪನವೇ.

ನಾಲ್ಕನೆಯದು ಸರಳವಾದದ್ದು. ಹಿಂದಿನ ಕಿಂಡಿಯಿಂದ ಮುಂದಿನ ಕಿಂಡಿಯವರೆಗೆ ನಳಿಗೆಯ ಮೇಲೆ ಒಂದು ಅಗಲ ಪಟ್ಟಿಯನ್ನು ಬಿಗಿಯುತ್ತಾರೆ. ಗುಂಡು ಹಾರಿಸಿ ಕಾದ ನಳಿಗೆಯಿಂದ ಬಿಸಿಗಾಳಿ ಎದ್ದು ಬಿಸಿಲ್ಗುದುರೆಯಂತೆ ಗುರಿಯನ್ನು ಕುಣಿಸುತ್ತದೆ. ಪಟ್ಟಿ ಅದನ್ನು ಕಣ್ಣಿಗೆ ಅಡ್ಡ ಬಾರದಂತೆ ಪಕ್ಕಕ್ಕೆ ಕಳಿಸುತ್ತದೆ. ನಮ್ಮ ಜತ್ತ ತಾಲೂಕಿನ ಏಪ್ರಿಲ್ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಲಿಂಪಿಕ್ ನಿಯಮಗಳು ಭಾರವನ್ನೂ ಕೊಳವೆಯನ್ನೂ ಒಪ್ಪುತ್ತವೆ. ಆದರೆ ನಳಿಗೆಗೆ ತೂತು ಕೊರೆಯುವುದನ್ನೂ ಹಿಂದೂಡನ್ನು ತಡೆಯುವ ಸಾಧನಗಳನ್ನೂ ಒಪ್ಪುವುದಿಲ್ಲ. ಎಲ್ಲ ಸೇರಿ ರೈಫಲ್ 8 ಕಿಲೋ ಮೀರಬಾರದು.

ಮಣಿಗೆ ಮೊದಲು ಬಿರಡೆ

ಬಿರಡೆಯೇ ಸಡಿಲಾಗಿದ್ದರೆ ಮಣಿ ಸರಿಸಿ ಫಲವಿಲ್ಲ. ಬಂದೂಕಿಗೂ ಹಾಗೆಯೇ. ನಳಿಗೆ ತನ್ನ ಬುಡದ ಹೊರತು ಮರದ ಹಿಡಿಕೆಯನ್ನು ಎಲ್ಲಿಯೂ ಮುಟ್ಟಬಾರದು. ನಡುವೆ ಕಾಗದದ ಹಾಳೆಯೊಂದನ್ನು ಜಾರಿಸಿ ನೋಡುವುದು ಗುರಿಕಾರರ ಪದ್ಧತಿ; ಹಾಳೆ ತಡೆದರೆ ದೋಷವಿದೆ ಎಂದರ್ಥ. ಹಿಡಿಕೆಯ ತಿರುಪುಗಳು ಸಮನಾಗಿ ಬಿಗಿದಿರಬೇಕು. ಆಮೇಲೆ ಕಾಡತೂಸಿನ ಆಯ್ಕೆ. ಒಂದೇ ಕಾರಖಾನೆಯ ಒಂದೇ ಹೆಸರಿನ ಕಾಡತೂಸಿನಲ್ಲಿಯೂ ಒಂದು ತಯಾರಿಕೆಯ ಕಂತು ಒಂದು ನಳಿಗೆಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ದೊಡ್ಡ ಸ್ಪರ್ಧಿಗಳು ತಮ್ಮ ಬಂದೂಕನ್ನು ಕಾರಖಾನೆಗೇ ಒಯ್ದು, ಹಲವು ಕಂತುಗಳನ್ನು ಹಾರಿಸಿ ನೋಡಿ, ಒಗ್ಗಿದ್ದನ್ನು ವರ್ಷಕ್ಕಾಗುವಷ್ಟು ಕೊಳ್ಳುತ್ತಾರೆ. ಇವೆಲ್ಲ ಆದ ಮೇಲೆ ಟ್ಯೂನರ್.

ಮೋಸಹೋಗದಂತೆ ಪರೀಕ್ಷೆ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಟ್ಯೂನರನ್ನು ಒಂದು ಅಂಕ ತಿರುವಿ ಐದು ಗುಂಡು ಹಾರಿಸಿದೆವು, ಗುಂಪು ಚಿಕ್ಕದಾಯಿತು. ಶ್ರುತಿ ಕೂಡಿತು ಎಂದು ಹಿಗ್ಗಬಹುದೇ? ಇಲ್ಲ. ಏನನ್ನೂ ಮುಟ್ಟದೆ, ಅದೇ ಬಂದೂಕಿನಿಂದ, ಅದೇ ಪೆಟ್ಟಿಗೆಯ ಕಾಡತೂಸಿನಿಂದ ಐದೈದು ಗುಂಡುಗಳ ಹತ್ತು ಹಾಳೆಗಳನ್ನು ಹೊಡೆದರೂ, ಅತಿ ದೊಡ್ಡ ಗುಂಪು ಅತಿ ಚಿಕ್ಕದರ ಎರಡು ಪಟ್ಟು ಇದ್ದರೆ ಆಶ್ಚರ್ಯವಿಲ್ಲ. ಐದು ಗುಂಡುಗಳಲ್ಲಿ ಆಕಸ್ಮಿಕದ ಪಾಲು ಅಷ್ಟು ದೊಡ್ಡದು. ಟ್ಯೂನರ್ ಕೊಂಡವರಲ್ಲಿ ಎಷ್ಟೋ ಜನ ಒಂದು ಒಳ್ಳೆಯ ಹಾಳೆಯನ್ನು ಕಂಡು ಹಿಗ್ಗಿ, ಮುಂದೆ ಸ್ಪರ್ಧೆಯಲ್ಲಿ ಕುಗ್ಗುವುದು ಇದರಿಂದಲೇ.

ಆದ್ದರಿಂದ ತಿಳಿದವರ ಕ್ರಮ ಹೀಗಿದೆ. ಬಂದೂಕನ್ನು ಭದ್ರವಾದ ಆಸರೆಯ ಮೇಲಿಡಬೇಕು. ಗಾಳಿ ಬೀಸದ ಹೊತ್ತನ್ನು ಆರಿಸಿಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಭಾರವನ್ನೂ ಕಾಡತೂಸನ್ನೂ ಒಟ್ಟಿಗೆ ಬದಲಿಸಿದರೆ ಫಲ ಯಾವುದರದೆಂದು ತಿಳಿಯದು. ಪ್ರತಿ ಅಂಕಕ್ಕೂ ಹಲವು ಗುಂಪುಗಳನ್ನು ಹೊಡೆದು ಸರಾಸರಿ ತೆಗೆಯಬೇಕು. ಮುಖ್ಯವಾಗಿ ಗುಂಪಿನ ಎತ್ತರವನ್ನು ನೋಡಬೇಕು. ಏಕೆಂದರೆ ಶ್ರುತಿಯಿಂದ ಕಡಿಮೆಯಾಗುವುದು ಮೇಲೆ-ಕೆಳಗಿನ ಚದುರು, ಗಾಳಿಯಿಂದಾದ ಎಡ-ಬಲದ ಚದುರಲ್ಲ. ಒಳ್ಳೆಯದೆಂದು ಕಂಡ ಅಂಕಕ್ಕೆ ಇನ್ನೊಂದು ದಿನ ಮತ್ತೆ ಬಂದು ಪರೀಕ್ಷಿಸಬೇಕು. ಎಲ್ಲವನ್ನೂ ವಹಿಯಲ್ಲಿ ಬರೆದಿಡಬೇಕು, ಕೆಟ್ಟ ಹಾಳೆಗಳನ್ನು ಕೂಡ. ಇಷ್ಟು ಮಾಡಿದರೂ 50 ಮೀಟರಿಗೆ ಕೂಡಿಸಿದ ಶ್ರುತಿ ಬೇರೆ ದೂರಕ್ಕೆ ಸರಿಯಾಗಿ ಕೂಡದು. ಭಾಗವತರು ಬದಲಾದರೆ ತಂಬೂರಿಯ ಶ್ರುತಿ ಬದಲಿಸಬೇಕಾಗುವಂತೆ!

ನಮ್ಮ ನೆರೆಯ ಗುರಿಕಾರರು

ಈ ವಿದ್ಯೆ ಎಲ್ಲಿಯೋ ದೂರದ ದೇಶದವರದೆಂದು ತಿಳಿಯಬೇಡಿರಿ. ನಮ್ಮ ನೆರೆಯ ಕೊಲ್ಹಾಪುರದ ತೇಜಸ್ವಿನಿ ಸಾವಂತ ಅವರು 2010ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ 50 ಮೀಟರ್ ರೈಫಲ್ ಮಲಗಿದ ಭಂಗಿಯ ಸ್ಪರ್ಧೆಯಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ರಾಧಾನಗರಿ ತಾಲೂಕಿನ ಕಂಬಳವಾಡಿ ಹಳ್ಳಿಯಲ್ಲಿ ಬೆಳೆದು ರೈಲ್ವೆಯಲ್ಲಿ ನೌಕರಿ ಹಿಡಿದ ಸ್ವಪ್ನಿಲ್ ಕುಸಾಳೆ ಅವರು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚಿನ ಪದಕ ತಂದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕವದು. ಅಂತಿಮ ಸುತ್ತಿನಲ್ಲಿ ಅಂಕದ ಹತ್ತನೆಯ ಒಂದು ಭಾಗವನ್ನೂ ಎಣಿಸುತ್ತಾರೆ. ಗುರಿಯ ಮೇಲೆ ಅದು ಒಂದು ಮಿಲಿಮೀಟರಿಗಿಂತ ಕಡಿಮೆ. ಏಳು ಮಿಲಿಮೀಟರಿನ ನಮ್ಮ ಲೆಕ್ಕ ಎಷ್ಟು ದೊಡ್ಡದೆಂದು ಈಗ ನೀವೇ ತಿಳಿಯಿರಿ.

ಒಂದು ಎಚ್ಚರಿಕೆಯ ಮಾತು. ಇವೆಲ್ಲ ಪರವಾನಗಿಯುಳ್ಳ ಗುರಿಕ್ಷೇತ್ರದಲ್ಲಿ, ತರಬೇತುದಾರರ ಕಣ್ಣೆದುರಿನಲ್ಲಿ ಮಾಡುವಂಥವು. ನಮ್ಮ ದೇಶದಲ್ಲಿ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬರುತ್ತದೆ. ಹೊಲ ಕಾಯುವ ಬಂದೂಕು ಮನೆಯಲ್ಲಿದ್ದರೂ ಮಕ್ಕಳು ಅದನ್ನು ಮುಟ್ಟಬಾರದು, ಅದಕ್ಕೆ ಏನನ್ನೂ ಕಟ್ಟಬಾರದು. ನಿಮ್ಮ ಪ್ರಯೋಗಕ್ಕೆ ಅಳತೆಪಟ್ಟಿ, ಜೇಡಿಮಣ್ಣು ಸಾಕು.

ಆ ತಂದೆಗೆ ಕೊಟ್ಟ ಉತ್ತರ

ಬಾಗಿಲಲ್ಲಿ ನಿಂತಿದ್ದ ತಂದೆಯನ್ನು ಒಳಗೆ ಕರೆದು ಕೂಡಿಸಿದೆವು. ಎರಡೂ ಗುರಿಹಾಳೆಗಳನ್ನು ಮುಂದಿಟ್ಟು, ನಾಣ್ಯವನ್ನು ಅವರ ಕೈಗೇ ಕೊಟ್ಟೆವು. ಮಗನ ಹಾಳೆಯ ಐದು ತೂತುಗಳ ಮೇಲೆ ಅವರೇ ನಾಣ್ಯವಿಟ್ಟು ನೋಡಿದರು. ತೆಗೆದು ಮತ್ತೆ ಇಟ್ಟರು. "ಹಂಗಾರ ನಮ್ಮ ಹುಡುಗ ತಪ್ಪಿಲ್ಲೇನ್ರಿ?" ಎಂದರು. "ಅವನು ತಪ್ಪಿಲ್ಲರಿ, ನಾವು ತಪ್ಪಿದ್ವಿ" ಎಂದೆವು. ಅಂದೇ ಎಲ್ಲ ಹುಡುಗರ ಮುಂದೆ ಆ ಹುಡುಗನಿಗೂ ಅದನ್ನೇ ಹೇಳಿದೆವು. ಮುಂದಿನ ಅಭ್ಯಾಸದಲ್ಲಿ ಹವಾಲ್ದಾರರು ಅವನಿಗೆ ಗುರಿಯಿಡುವ ಜಾಗವನ್ನು ತುಸು ಬಲಕ್ಕೆ, ತುಸು ಮೇಲಕ್ಕೆ ತೋರಿಸಿಕೊಟ್ಟರು. ಗುಂಪು ಇದ್ದಂತೆಯೇ ಎದ್ದು ಕಪ್ಪು ವೃತ್ತದೊಳಗೆ ಬಂದು ಕುಳಿತಿತು.

ಪಾಲಕರೇ, ಪರೀಕ್ಷೆಯ ಪತ್ರಿಕೆಯೂ ಒಂದು ಗುರಿಹಾಳೆಯೇ. ಒಂದು ವಿಷಯದಲ್ಲಿ, ಒಂದು ದಿನ ಬಿದ್ದ ಅಂಕವನ್ನು ಕಂಡು ಹೊಗಳಲೂಬೇಡಿರಿ, ಜರಿಯಲೂಬೇಡಿರಿ. ಹಲವು ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿರಿ. ಅವು ಒಂದೆಡೆ ಕೂಡುತ್ತಿದ್ದರೆ, ಆ ಎಡೆ ನಡುವಿನಿಂದ ದೂರವಿದ್ದರೂ, ಮಗುವಿನ ಕೈ ಸ್ಥಿರವಾಗಿದೆ ಎಂದು ತಿಳಿಯಿರಿ. ಗುರಿಕಿಂಡಿಯನ್ನು ತಿರುವುವ ಕೆಲಸ ನಮ್ಮದೂ ನಿಮ್ಮದೂ.